ಅಟ್ಟಕ್ಕೇರಿದ ಜೀನು

ನಾನು ಮತ್ತೆ ಬಸುರಿ ಎಂಬುದು ಖಾತ್ರಿಯಾದ ದಿನ ಅತ್ತೆ ಮಾಡಿದ ಮೊದಲ ಕೆಲಸವೆಂದರೆ ಕುದುರೆಯ ಜೀನನ್ನು ಅಟ್ಟಕ್ಕೆ ಹಾಕಿಸಿದ್ದು. ತಮ್ಮ ಕೈಗೆ ಎಟುಕದೆಂದು ಮಗನನ್ನು ಏಣಿ ಹತ್ತಿಸಿದರು. ನನ್ನ ಗಂಡ ಜೀನನ್ನು ಹೆಗಲ ಮೇಲೆ ಹೊತ್ತು, ಏಣಿಯ ಮೇಲೆ ಓಲಾಡುತ್ತ, "ಎಲ್ಲಿ ಇಡ್ಲಿ ಆಯಿ?" ಎಂದು ಕೇಳಿದರು.

"ಇಕಿ ಕೈಗೆ ಸಿಗಬಾರ್ದ. ಅಂಥಲ್ಲಿ ಇಡು."

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೇಡವೆನ್ನಲಿಲ್ಲ.

ಹಾಗೆ ಸುಮ್ಮನಿರಲು ಕಾರಣವಿತ್ತು. ಹಿಂದಿನ ವರ್ಷ ನಾಲ್ಕನೆಯ ತಿಂಗಳಲ್ಲಿ ನನಗೆ ಗರ್ಭ ಇಳಿದುಹೋಗಿತ್ತು. ಅದಕ್ಕೆ ಎರಡು ದಿನ ಮೊದಲು ಕಲ್ಲೋಳಿಗೆ ಕುದುರೆಯ ಮೇಲೆ ಹೋಗಿ ಬಂದಿದ್ದೆ. ಕುದುರೆಯಿಂದಲೇ ಹಾಗಾಯಿತೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಊರ ದವಾಖಾನೆಯ ಡಾಕ್ಟರ ಸಾಹೇಬರನ್ನು ಕೇಳಿದರೆ, ಆಗಿರಬಹುದು, ಆಗಿರಲಿಕ್ಕಿಲ್ಲ ಎಂದರು. ನಾನೇ ಹೆರಿಗೆ ಮಾಡಿಸುವುದನ್ನು ಕಲಿತವಳು. ತುಂಬು ತಿಂಗಳಲ್ಲಿ ಕಲ್ಲು ಹೊತ್ತವರನ್ನು ನೋಡಿದ್ದೆ. ಹಾಸಿಗೆ ಬಿಟ್ಟೇಳದೆ ಮಲಗಿದವರ ಗರ್ಭ ಇಳಿದದ್ದನ್ನೂ ನೋಡಿದ್ದೆ. ಬೇರೆಯವರಿಗಾದರೆ ಇದನ್ನೆಲ್ಲ ಬಿಡಿಸಿ ಹೇಳಿ ಧೈರ್ಯ ತುಂಬುತ್ತಿದ್ದೆ. ನನ್ನ ಹೊಟ್ಟೆಯ ಮಾತು ಬಂದಾಗ ಕಲಿತದ್ದೊಂದೂ ಕೆಲಸಕ್ಕೆ ಬರಲಿಲ್ಲ.

ಆಗ ನಾವು ಮೂಡಲಗಿಯಲ್ಲಿದ್ದೆವು. ಸಾವಿರದ ಒಂಬೈನೂರ ಮೂವತ್ತರ ನಂತರದ ವರ್ಷಗಳು. ನನ್ನ ಗಂಡ ಅಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. ಹೆಣ್ಣುಮಕ್ಕಳು ಕಲಿಯಬೇಕು ಎಂದು ಬಾಯಿಯಲ್ಲಿ ಹೇಳುವವರು ಆಗಲೂ ಬಹಳ ಇದ್ದರು; ಇವರು ಹೆಂಡತಿಯನ್ನು ಮಿರಜಿಗೆ ಕಳಿಸಿ ಒಂದೂವರೆ ವರ್ಷ ಸೂಲಗಿತ್ತಿಯ ಕೆಲಸ ಕಲಿಸಿದರು. ನಮ್ಮ ಜೈನ ಸಮಾಜದಲ್ಲಿ ಅದಕ್ಕೆ ನಕ್ಕವರುಂಟು. ಅತ್ತೆ ನಗಲೂ ಇಲ್ಲ, ಒಪ್ಪಲೂ ಇಲ್ಲ. ನಾನು ಕಲಿತು ಬಂದು ಊರ ದವಾಖಾನೆಯ ಕೆಲಸಕ್ಕೆ ಸೇರಿದ ಮೇಲೆ ಮನೆಗೆ ಜನ ಕರೆಯಲು ಬರತೊಡಗಿದಾಗ ಅವರಿಗೆ ನೀರು ಕೊಡುತ್ತಿದ್ದರು, ಅಷ್ಟೆ. ಊರವರು ನನ್ನನ್ನು ಬಾಯಾರ ಎನ್ನುತ್ತಿದ್ದರು.

ಕುದುರೆ ನನ್ನ ತವರಿನದು. ಹುಕ್ಕೇರಿಯಲ್ಲಿ ನನ್ನ ತಂದೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದರು. ಸೀರೆ ಕುಪ್ಪಸಗಳ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಕುದುರೆಯ ಮೇಲೆ ಹೋಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವರ ಮುಂದೆ ಕೂತು ಹೋಗಿದ್ದೇನೆ; ಆಮೇಲೆ ಒಬ್ಬಳೇ ಹತ್ತಿ ಕೆರೆಗೆ ನೀರು ಕುಡಿಸಲು ಒಯ್ದಿದ್ದೇನೆ. ಗೋಕಾಕದ ಕಡೆಗೆ ಸರ್ವಿಸ್ ಮೋಟಾರು ಓಡಲು ಸುರುವಾದ ಮೇಲೆ ತಂದೆಗೆ ಕುದುರೆ ಬೇಡವಾಯಿತು. ಒಂದು ದಿನ ಆಳಿನ ಕೈಯಲ್ಲಿ ಅದನ್ನು ಮೂಡಲಗಿಗೆ ಕಳಿಸಿಬಿಟ್ಟರು. "ಇಲ್ಲಿ ಕಟ್ಟಿಹಾಕಿ ಏನ ಮಾಡ್ಲಿ? ನಿನಗ ಹಳ್ಳಿ ತಿರುಗಾಕ ಬೇಕಾಗತೈತಿ" ಎಂದು ಹೇಳಿ ಕಳಿಸಿದ್ದರು. ಕೆಂಪು ಬಣ್ಣದ ಹೆಣ್ಣುಕುದುರೆ. ಎತ್ತರವಿರಲಿಲ್ಲ, ತಟ್ಟು ಕುದುರೆಗಿಂತ ಸ್ವಲ್ಪ ದೊಡ್ಡದು. ಹಣೆಯ ಮೇಲೆ ಬಿಳಿ ಬೊಟ್ಟು.

ಕಚ್ಚೆ ಹಾಕಿ ಸೀರೆ ಉಟ್ಟು ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತು ನಾನು ಪೇಟೆಯಲ್ಲಿ ಹಾದುಹೋದ ಮೊದಲ ದಿನ ಅಂಗಡಿಗಳಿಂದ ಜನ ಹೊರಗೆ ಬಂದು ನಿಂತಿದ್ದರು. ತಿಂಗಳೊಪ್ಪತ್ತಿನಲ್ಲಿ ರೂಢಿಯಾಯಿತು. ಕಷ್ಟದ ಹೆರಿಗೆ ಇದ್ದ ಮನೆಯವರಿಗಂತೂ ಬಾಯಾರ ಹೇಗೆ ಕೂತು ಬಂದರು ಎಂದು ನೋಡುವ ವ್ಯವಧಾನ ಇರುತ್ತಿರಲಿಲ್ಲ.

ಜೀನು ಅಟ್ಟಕ್ಕೇರಿದ ಮೇಲೆ ನಮ್ಮ ಮನೆಯ ನಿಯಮ ಬದಲಾಯಿತು. ಕರೆಯಲು ಬರುವವರು ಬಂಡಿ ತರಬೇಕು. ಇಲ್ಲದಿದ್ದರೆ ಪಕ್ಕದ ಮನೆಯ ಗೌಡರ ಬಂಡಿ ಹೂಡಿಸಬೇಕು. ಬೇಸಿಗೆಯಲ್ಲಿ ಅದರಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಕುದುರೆಗೆ. ನನ್ನನ್ನು ಅದರ ಹತ್ತಿರ ಹೋಗಗೊಡುತ್ತಿರಲಿಲ್ಲ. ಒದ್ದೀತು, ಕಚ್ಚೀತು, ಬಾಲ ಬೀಸೀತು. ಎಲ್ಲಕ್ಕಿಂತ ದೊಡ್ಡ ಭಯ ಅದರ ಹಗ್ಗದ್ದು.

"ಕುದುರಿ ಹಗ್ಗ ದಾಟಬ್ಯಾಡ ಯವ್ವಾ. ಅದು ವರ್ಷ ತುಂಬೂತನಾ ಹೊರತೈತಿ. ನಿನಗೂ ಹಂಗ ಆಗತೈತಿ. ಒಂಬತ್ತ ತಿಂಗಳಿಗೆ ಹಡಿಯೂದಿಲ್ಲ" ಎನ್ನುತ್ತಿದ್ದರು ಅತ್ತೆ.

ನಾನು ಮೊದಲ ಸಲ ನಕ್ಕೆ. ಆಮೇಲೆ ನಗಲಿಲ್ಲ. ಹಗ್ಗ ಕಂಡಲ್ಲಿ ನಾನೂ ಸುತ್ತು ಹಾಕಿ ಹೋಗತೊಡಗಿದ್ದೆ.

ಹೀಗಾಗಿ ಕುದುರೆಯ ಚಾಕರಿ ಗಂಡನ ಪಾಲಿಗೆ ಬಂತು. ಅವರಿಗೆ ಕುದುರೆಯೆಂದರೆ ಹೆದರಿಕೆ. ಬೇಯಿಸಿದ ಹುರುಳಿಯ ಬುಟ್ಟಿಯನ್ನು ಕೈಯಳತೆಯಲ್ಲಿ ಹಿಡಿದು, ಮುಖ ಹಿಂದಕ್ಕೆ ಮಾಡಿ, "ತಿನ್ರಿ ಬಾಯಾರ" ಎಂದು ಅದಕ್ಕೂ ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದರು. ಮೈ ಉಜ್ಜುವುದು ಅವರಿಂದ ಆಗುತ್ತಿರಲಿಲ್ಲ. ಹೊರಗೆ ತಿರುಗಾಡದೆ ಒಂದೇ ಕಡೆ ನಿಂತು ಅದು ಕಟ್ಟಿದ ಗೂಟದ ಸುತ್ತ ನೆಲ ಕೆದರಿ ಗುಂಡಿ ಮಾಡಿತು. ಕಣಿಕೆಯನ್ನು ಅರ್ಧ ತಿಂದು ಅರ್ಧ ತುಳಿಯುತ್ತಿತ್ತು. ಅತ್ತೆ ಬೆಳಗ್ಗೆ ಬಸದಿಗೆ ಹೋದಾಗ ನಾನು ಮೆಲ್ಲಗೆ ಹೋಗಿ ಅದರ ಕುತ್ತಿಗೆ ಉಜ್ಜಿ ಬರುತ್ತಿದ್ದೆ. ಅದು ಮೂಗನ್ನು ನನ್ನ ಭುಜಕ್ಕೆ ಒತ್ತಿ ಸುಮ್ಮನೆ ನಿಲ್ಲುತ್ತಿತ್ತು.

ಐದನೆಯ ತಿಂಗಳಲ್ಲಿ ಒಂದು ಮುಂಜಾನೆ ನೋಡಿದರೆ ಅದು ಮುಂಗಾಲೊಂದನ್ನು ನೆಲಕ್ಕೆ ಊರುತ್ತಿರಲಿಲ್ಲ. ಗಂಡನನ್ನು ಕರೆದೆ. ಅವರು ಎರಡು ಸಲ ಕಾಲು ಹಿಡಿಯಲು ಬಗ್ಗಿ ಎರಡು ಸಲವೂ ಹಿಂದೆ ಹಾರಿದರು. "ನಾಲಬಂದನ್ನ ಕರಸೋಣ" ಎಂದರು. ಲಾಳ ಹೊಡೆಯುವ ನಾಲಬಂದ ಇದ್ದದ್ದು ಗೋಕಾಕದಲ್ಲಿ. ಬರಲು ಎರಡು ದಿನವಾದರೂ ಬೇಕು. ನಾನು ಸೆರಗು ಸಿಕ್ಕಿಸಿ, ಕುದುರೆಯ ಭುಜಕ್ಕೆ ಭುಜ ಕೊಟ್ಟು ನಿಂತು, ಕಾಲನ್ನು ನನ್ನ ಮೊಣಕಾಲುಗಳ ನಡುವೆ ಎತ್ತಿಕೊಂಡೆ. ಗೊರಸಿನ ಸಂದಿಯಲ್ಲಿ ಚೂಪು ಕಲ್ಲು ಸಿಕ್ಕಿತ್ತು. ಸುತ್ತ ಕೀವು ಕಟ್ಟಿತ್ತು. ಮೊಳೆಯಿಂದ ಕಲ್ಲು ಕಿತ್ತು, ಬಿಸಿನೀರಿನಿಂದ ತೊಳೆದು, ಅರಿಸಿನ ಬೇವಿನೆಣ್ಣೆ ಹಾಕಿ ಬಟ್ಟೆ ಕಟ್ಟಿ ತಲೆಯೆತ್ತುವಷ್ಟರಲ್ಲಿ ಅತ್ತೆ ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಬಸದಿಯಿಂದ ತಂದ ಗಂಧೋದಕದ ಗಿಂಡಿ.

ಅವರು ಬೈಯುತ್ತಾರೆಂದು ಕಾದೆ. ಗಿಂಡಿಯನ್ನು ಕಟ್ಟೆಯ ಮೇಲಿಟ್ಟು ಅಲ್ಲಿಯೇ ಕೂತುಬಿಟ್ಟರು.

"ನಾ ಐದ ಹಡದೇನಿ" ಎಂದರು. "ಐದೂ ಕೊಣ್ಣೂರಾಗ, ನಮ್ಮ ಅವ್ವನ ಮನ್ಯಾಗ. ಒಂದ ಸತ್ತ ಹುಟ್ಟಿತು. ಒಂದು ಹನ್ನೆರಡ ದಿನ ಇತ್ತು. ಎರಡು ಒಂದ ವಾರದಾಗ ಹೋದುವು, ಮೈಲಿ ಬೇನ್ಯಾಗ. ಉಳದದ್ದ ಇಂವಾ ಒಬ್ಬಾಂವ. ಯಾವದಕ್ಕ ಏನ ಕಾರಣ ನನಗ ಗೊತ್ತಿಲ್ಲ. ನೀ ಸಾಲಿ ಕಲ್ತಾಕಿ, ನಿನಗ ಗೊತ್ತಿರಬೌದು. ನನಗ ಗೊತ್ತಿಲ್ಲದ್ದಕ್ಕ ಎಲ್ಲಾದಕ್ಕೂ ಅಂಜತೇನಿ."

ಗಂಡ ತಲೆ ತಗ್ಗಿಸಿ ನಿಂತಿದ್ದರು. ಈ ಲೆಕ್ಕವನ್ನು ಅವರೂ ಪೂರ್ತಿ ಕೇಳಿರಲಿಲ್ಲ ಅನ್ನಿಸಿತು. ನಾನು ಕೈ ತೊಳೆದುಕೊಂಡು ಒಳಗೆ ಬಂದೆ. ಆವತ್ತಿನಿಂದ ಕುದುರೆಯ ಹತ್ತಿರ ಹೋಗುವುದನ್ನು ನಾನಾಗಿಯೇ ಬಿಟ್ಟೆ.

ಮಳೆಗಾಲ ಹಿಡಿಯಿತು. ನಮ್ಮ ಕಡೆಯ ಎರೆ ಮಣ್ಣು ಒಂದು ಮಳೆಗೆ ಅಂಟಾಗುತ್ತದೆ, ನಾಲ್ಕು ಮಳೆಗೆ ಬಂಡಿಯ ಗಾಲಿಯನ್ನು ನುಂಗುತ್ತದೆ. ಶ್ರಾವಣದ ಒಂದು ಮುಂಜಾನೆ, ನನಗೆ ಆಗ ಏಳು ತಿಂಗಳು, ಮೇಲವಂಕಿಯ ಕಡೆಯ ಒಂದು ಕುರುಬರ ಹಟ್ಟಿಯಿಂದ ಒಬ್ಬ ಓಡುತ್ತ ಬಂದ. ಮೂವತ್ತರ ಒಳಗಿನ ಪ್ರಾಯ. ಮೊಣಕಾಲಿನವರೆಗೆ ಕೆಸರು. ಗಂಡ ಶಾಲೆಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ.

"ನಮ್ಮಾಕಿ ಹಡದಾಳ್ರಿ ಯವ್ವಾ" ಎಂದ. ಉಸಿರು ಹಿಡಿಯಲು ಆಗುತ್ತಿರಲಿಲ್ಲ. "ನಸುಕಿನ್ಯಾಗ ಹಡದಾಳ್ರಿ. ಕೂಸ ಚಲೋ ಐತ್ರಿ. ಮಾಸ ಬಿದ್ದಿಲ್ರಿ. ರಕ್ತ ಹೋಗಾಕತ್ತೈತ್ರಿ, ನಿಂದ್ರವಲ್ದು."

ಅದನ್ನು ಕೇಳಿದ ಕೂಡಲೇ ಉಳಿದ ಹೊತ್ತು ಎಷ್ಟು ಕಡಿಮೆ ಎಂಬ ಅಂದಾಜು ನನಗೆ ಸಿಕ್ಕಿತು. ಮಗು ಹೊರಗೆ ಬಂದು ಮಾಸು ಒಳಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. ಹೊಟ್ಟೆಯನ್ನು ಹೊರಗಿನಿಂದ ಒತ್ತಿ ಹಿಡಿದು ಅದನ್ನು ಇಳಿಸಬೇಕು. ರಕ್ತ ಕಟ್ಟುವ ಔಷಧ ಕೊಡಬೇಕು. ಎರಡನ್ನೂ ನನಗೆ ಕಲಿಸಿದ್ದರು. ಎರಡಕ್ಕೂ ಬೇಗ ಅಲ್ಲಿ ಇರಬೇಕು.

"ಬಂಡಿ ತಂದೀಯೇನು?"

"ಎಲ್ಲಿ ಬಂಡಿರಿ? ನಮ್ಮ ತಟ್ಟೂ ಕುರಿ ಸಂಗಾಟ ಹೋಗೈತ್ರಿ. ಅದಕ್ಕ ಓಡಿ ಬಂದೆ." ಅಷ್ಟರಲ್ಲಿ ಅವನ ಕಣ್ಣು ಅಂಗಳದ ಮೂಲೆಯ ಕೊಟ್ಟಿಗೆಗೆ ಹೋಯಿತು. "ಕುದುರಿ ಐತಲ್ರಿ ಯವ್ವಾ. ನಾ ಲಗಾಮ ಹಿಡದ ಬರ್ತೇನ್ರಿ. ಹೂವಿನಂಗ ಕರ್ಕೊಂಡ ಹೋಗ್ತೇನ್ರಿ."

ಹಳ್ಳ ದಾಟಿ ಎರಡು ಹರದಾರಿ, ಅಂದರೆ ಆರು ಮೈಲಿ ದಾರಿ. ಕುದುರೆಯ ಮೇಲೆ ಒಂದೂವರೆ ತಾಸು, ಕೆಸರಿದ್ದದ್ದಕ್ಕೆ ಇನ್ನೊಂದಿಷ್ಟು. ನಾನು ಅತ್ತೆಯ ಮುಖ ನೋಡಿದೆ. ಅವರು ಕುದುರೆಯ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತಿದ್ದರು. ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದಿದ್ದರು.

"ಬ್ಯಾಡ ಮಗಳ" ಎಂದರು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. "ನಿನ್ನ ಕಾಲ ಬೀಳ್ತೇನಿ. ಬಂಡಿ ಹೂಡಸ್ತೇನಿ, ಈಗ ಹೂಡಸ್ತೇನಿ."

ನನಗಿಂತ ಹಿರಿಯರು ಕಾಲು ಬೀಳುತ್ತೇನೆ ಎಂದಾಗ ಏನು ಮಾಡಬೇಕಿತ್ತು? ಅತ್ತೆ ತಡೆದರು ಎಂದು ಹೇಳಿ ಇದನ್ನು ಇಲ್ಲಿಗೆ ಮುಗಿಸಬಹುದು. ಬಹಳ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಆದರೆ ನಿಜ ಅದಲ್ಲ. ಅವರು ಬೇಡವೆಂದಾಗ ನನ್ನ ಎದೆಯ ಭಾರ ಇಳಿದಂತಾಯಿತು. ಹಿಂದಿನ ವರ್ಷದ ಆ ನೋವು, ಆ ಬಟ್ಟೆ, ಆ ಬಿಸಿ ಎಲ್ಲ ನೆನಪಿಗೆ ಬಂದು ನನ್ನ ಕಾಲುಗಳೇ ಕುದುರೆಯ ಕಡೆಗೆ ಏಳಲಿಲ್ಲ. ನಾನು ಅವನ ಕಡೆಗೆ ತಿರುಗಿ, "ಬಂಡ್ಯಾಗ ಬರ್ತೇನಿ. ನೀ ಮುಂದ ಓಡು. ಕೂಸಿನ್ನ ಮೊಲಿಗೆ ಹಚ್ಚಿಸು. ಹೊಟ್ಟಿ ಗಟ್ಟಿಯಾಗಿ ಒತ್ತಿ ಹಿಡಕೊಳ್ಳಾಕ ಹೇಳು" ಎಂದೆ.

ಅವನು ಒಂದು ಕ್ಷಣ ನನ್ನ ಹೊಟ್ಟೆಯನ್ನು ನೋಡಿದ. "ಹೂನ್ರಿ" ಎಂದ. ಬಂದ ಹಾಗೆಯೇ ಓಡಿದ.

ಗೌಡರ ಎತ್ತು ಹೊಲದಲ್ಲಿದ್ದವು. ಅವನ್ನು ಹೊಡೆದುಕೊಂಡು ಬಂದು ಬಂಡಿ ಹೂಡುವ ಹೊತ್ತಿಗೆ ಶಾಲೆಯ ಮೊದಲ ಗಂಟೆ ಬಾರಿಸಿ ಬಹಳ ಹೊತ್ತಾಗಿತ್ತು. ಹಳ್ಳದ ಈಚೆಯ ದಂಡೆಯಲ್ಲಿ ಗಾಲಿ ಅಚ್ಚಿನವರೆಗೆ ಹೂತಿತು. ಬಂಡಿ ಹೊಡೆಯುವವನು ಕಲ್ಲು, ಕಂಟಿ ಎಲ್ಲ ಹಾಕಿ ನೋಡಿದ. ಎತ್ತುಗಳು ಮೊಣಕಾಲೂರಿದವು. ಕೊನೆಗೆ ನಾನು ಇಳಿದೆ. ಚೀಲ ಬಗಲಿಗೆ ಹಾಕಿ, ಸೀರೆ ಎತ್ತಿ ಕಟ್ಟಿ, ಅವನ ಕೋಲು ಇಸಿದುಕೊಂಡು ಹಳ್ಳ ದಾಟಿ ನಡೆದೆ. ಉಳಿದದ್ದು ಅರ್ಧಕ್ಕಿಂತ ಹೆಚ್ಚು ದಾರಿ. ಕೆಸರು ಪ್ರತಿ ಹೆಜ್ಜೆಗೂ ಕಾಲನ್ನು ಹಿಡಿದು ಬಿಡುತ್ತಿತ್ತು. ಹೊಟ್ಟೆ ಬಿಗಿಯಾಗುತ್ತಿತ್ತು, ನಿಲ್ಲುತ್ತಿದ್ದೆ, ಸಡಿಲಾದ ಮೇಲೆ ಮತ್ತೆ ನಡೆಯುತ್ತಿದ್ದೆ. ಕುದುರೆಯ ಮೇಲೆ ಇದಕ್ಕಿಂತ ಕಡಿಮೆ ಕುಲುಕಾಟವಾಗುತ್ತಿತ್ತು ಎಂಬುದು ದಾರಿಯಲ್ಲಿ ಒಂದು ಕಡೆ ನನಗೆ ಹೊಳೆಯಿತು. ಅದನ್ನು ಯೋಚಿಸದಿರಲು ಬಹಳ ಪ್ರಯತ್ನಪಟ್ಟೆ.

ಹಟ್ಟಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅಳು ಕೇಳಿಸಲಿಲ್ಲ. ಹಾಗಾಗಿ ಒಂದು ಆಸೆ ಹುಟ್ಟಿತು. ಗುಡಿಸಲಿನ ಬಾಗಿಲಲ್ಲಿ ಅವನು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಒಳಗೆ ಹೋದೆ.

ಹುಡುಗಿ ಹತ್ತೊಂಬತ್ತು ಇಪ್ಪತ್ತರವಳು. ಕೈ ಹಿಡಿದು ನೋಡಿದೆ. ಬೆರಳು ತಣ್ಣಗಾಗಿದ್ದವು, ಕಂಕುಳ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಕಂಬಳಿಯ ಚೂರಿನಲ್ಲಿ ಗಂಡು ಮಗು ಬಾಯಿ ಆಡಿಸುತ್ತಿತ್ತು. ಅವಳ ಅತ್ತೆ, ಬೋಳು ಹಣೆಯ ಮುದುಕಿ, ಮೂಲೆಯಲ್ಲಿ ಕೂತಿದ್ದಳು.

"ಯಾವಾಗ?" ಎಂದೆ.

"ಈಗರಿ ಯವ್ವಾ. ಆಡಿನ ಮರಿಗೋಳ್ನ ಹಾಲಿಗೆ ಬಿಟ್ಟಿದ್ವಿ, ಆವಾಗ."

ಅಂದರೆ ಒಂದು ತಾಸೂ ಆಗಿರಲಿಲ್ಲ. ಅಷ್ಟು ಹೊತ್ತು ಅವಳು ತಡೆದಿದ್ದಳು.

ನಾನು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ. ಮಗುವಿನ ಹೊಕ್ಕುಳ ನೋಡಿದೆ, ಸರಿಯಾಗಿ ಕಟ್ಟಿದ್ದರು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಿತು. ಮುದುಕಿ ಧಡಕ್ಕನೆ ಎದ್ದು ಬಂದು ನನ್ನನ್ನು ಹಿಡಿದು ಹೊರಗೆ ಕರೆತಂದಳು. ಬಸುರಿ ಹೆಣ್ಣು ಸಾವಿನ ಮನೆಯಲ್ಲಿ ನಿಲ್ಲಬಾರದೆಂದು ನನ್ನನ್ನು ದೂರ ಬೇವಿನ ಮರದ ಕೆಳಗೆ ಕೂರಿಸಿ, ತಂಬಿಗೆಯಲ್ಲಿ ನೀರು ತಂದು ನನ್ನ ಕಾಲಿನ ಕೆಸರು ತೊಳೆದಳು. ಬೇಡವೆಂದು ಕಾಲು ಎಳೆದುಕೊಂಡರೂ ಬಿಡಲಿಲ್ಲ. ಆಡಿನ ಹಾಲು ಕಾಸಿ ತಂದು ಕುಡಿಸಿದಳು.

"ಇಷ್ಟ ದೂರ ನಡದ ಬರಬಾರ್ದಿತ್ರಿ ನೀವು, ಇಂಥಾದ್ರಾಗ" ಎಂದಳು. "ನಮ್ಮವರಾದ್ರ ತುಂಬ ತಿಂಗಳದಾಗೂ ತಟ್ಟಿನ ಮ್ಯಾಲೆ ಕುಂತ ಕುರಿ ಸಂಗಾಟ ಹೋಗ್ತಾರ್ರಿ. ನಡಿಯೂದು ಭಾಳ ತ್ರಾಸ."

ಅವಳ ಮಾತಿನಲ್ಲಿ ಏನೂ ಚುಚ್ಚು ಇರಲಿಲ್ಲ. ನನ್ನ ಮೇಲಿನ ಕರುಣೆಗೆ ಆಡಿದ ಮಾತು. ಹಾಲಿನ ತಂಬಿಗೆ ಕೈಯಲ್ಲಿ ಹಿಡಿದು ನಾನು ಅತ್ತುಬಿಟ್ಟೆ. ಸೊಸೆಯನ್ನು ಕಳೆದುಕೊಂಡವಳು ನನ್ನ ಬೆನ್ನು ಸವರಿದಳು.

ಮರುದಿನ ದವಾಖಾನೆಯ ವಹಿಯಲ್ಲಿ ನಾನು ವರದಿ ಬರೆಯಬೇಕಿತ್ತು. ಸಾವಿನ ಕಾರಣ ಬರೆದೆ. ಮುಟ್ಟಲು ತಡವಾದದ್ದಕ್ಕೆ ಕಾರಣ ಎಂಬಲ್ಲಿ, ಮಳೆಯಿಂದ ದಾರಿ ಕೆಟ್ಟಿತ್ತು ಎಂದು ಬರೆದೆ. ಡಾಕ್ಟರ ಸಾಹೇಬರು ಓದಿ ಸಹಿ ಹಾಕಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಳದಲ್ಲಿ ಕುದುರೆ ಇತ್ತು ಎಂಬುದನ್ನು ಬರೆಯಲು ಆ ವಹಿಯಲ್ಲಿ ಜಾಗವಿರಲಿಲ್ಲ, ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.

ಮನೆಯಲ್ಲಿ ಮಾತ್ರ ಎಲ್ಲ ಹೇಳಿದೆ. ಗಂಡ, "ನೀ ಕುದುರಿ ಮ್ಯಾಲೆ ಹೋಗಿದ್ರೂ ಉಳೀತಿದ್ಲು ಅಂತ ಹೆಂಗ ಹೇಳ್ತಿ?" ಎಂದರು. ಅವರ ಮಾತೂ ಸರಿ. ಅಂದಿನಿಂದ ಅತ್ತೆಯ ಊಟ ಕಡಿಮೆಯಾಯಿತು. ಕೆಲವು ದಿನ ಏನೋ ವ್ರತ ಹಿಡಿದವರ ಹಾಗೆ ಒಂದೇ ಹೊತ್ತು ಉಂಡರು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದರು.

ಭಾದ್ರಪದದಲ್ಲಿ, ನನಗೆ ಎಂಟನೆಯ ತಿಂಗಳು ಹಿಡಿದಾಗ, ಅರಭಾವಿಯ ಒಂದು ಜೈನ ಒಕ್ಕಲುತನದ ಮನೆಯಿಂದ ಒಬ್ಬ ಸೈಕಲ್ಲಿನ ಮೇಲೆ ಬಂದ. ಅವನ ತಂಗಿಗೆ ಚೊಚ್ಚಲ ಹೆರಿಗೆ; ಹಿಂದಿನ ದಿನದಿಂದ ಬೇನೆ. "ಬಂಡಿ ಹಿಂದ ಬರಾಕತ್ತೈತ್ರಿ ಬಾಯಾರ, ನೀವು ತಯಾರಾಗ್ರಿ" ಎಂದ. ಅಂದು ರವಿವಾರ, ಗಂಡ ಮನೆಯಲ್ಲಿದ್ದರು.

"ಜೀನ ಇಳಸ್ರಿ" ಎಂದೆ ಅವರಿಗೆ.

"ಬಂಡಿ ಬರಾಕತ್ತೈತಂತಲ್ಲ?"

"ಇಳಸ್ರಿ."

ಅವರು ತಾಯಿಯ ಮುಖ ನೋಡಿದರು. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತದೆ, "ಇಳಸಂತ ನಾ ಹೇಳೂದಿಲ್ಲ. ಬ್ಯಾಡಂತನೂ ಹೇಳೂದಿಲ್ಲ. ಅವತ್ತ ಬ್ಯಾಡಂದದ್ದು ಇನ್ನೂ ನನ್ನ ಎದ್ಯಾಗ ಐತಿ" ಎಂದರು.

ಜೀನಿನ ಮೇಲೆ ಧೂಳು ಕೂತಿತ್ತು. ಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿತು. ತಿಂಗಳುಗಟ್ಟಲೆ ನಿಂತು ಅದಕ್ಕೂ ಮೈ ಬಂದಿತ್ತು. ಕಟ್ಟೆಯ ಪಕ್ಕಕ್ಕೆ ನಿಲ್ಲಿಸಿ ಮೇಲೆ ಹತ್ತಿದೆ. ಗಂಡ ಸ್ವಲ್ಪ ದೂರ ಲಗಾಮು ಹಿಡಿದು ಬಂದರು. ಅಷ್ಟು ದಿನದಲ್ಲಿ ಅವರಿಗೆ ಅದರ ಹೆದರಿಕೆ ಹೋಗಿತ್ತು. ಹೊಟ್ಟೆ ಜೀನಿನ ಮುಂಭಾಗಕ್ಕೆ ಒತ್ತಬಾರದೆಂದು ಹಿಂದಕ್ಕೆ ವಾಲಿ ಕೂತು, ಕಾಲ್ನಡಿಗೆಯ ವೇಗದಲ್ಲಿಯೇ ಬಿಟ್ಟೆ. ಖಡಿ ಹಾಕಿದ ರಸ್ತೆ. ಮೊದಲ ಅರ್ಧ ತಾಸು ನಾನು ಇಷ್ಟು ದಿನ ಯಾಕೆ ಅಂಜಿದ್ದೆ ಎನ್ನಿಸುವಷ್ಟು ಹಗುರಾಗಿ ಹೋಯಿತು.

ಅರಭಾವಿ ಇನ್ನೇನು ಸಮೀಪಿಸಿತು ಎನ್ನುವಾಗ ಎದುರಿನಿಂದ ಸರ್ವಿಸ್ ಮೋಟಾರು ಬಂತು. ಡ್ರೈವರ ಭೋಂಗಾ ಒತ್ತಿದ. ಬಹಳ ದಿನ ಹೊರಗೆ ಬಂದಿರದ ಕುದುರೆ ಬೆದರಿ ರಸ್ತೆ ಬಿಟ್ಟು ಚರಂಡಿಯ ಮೇಲಿಂದ ಹಾರಿತು. ನಾನು ಅದರ ಕುತ್ತಿಗೆಯ ಕೂದಲು ಹಿಡಿದುಕೊಂಡೆ, ಬೀಳಲಿಲ್ಲ. ಹತ್ತು ಹೆಜ್ಜೆ ಓಡಿ ಅದು ತಾನೇ ನಿಂತಿತು, ಮೈಯೆಲ್ಲ ನಡುಗುತ್ತ. ನನ್ನ ಸೊಂಟದಲ್ಲಿ ಸಣ್ಣ ನೋವು ಎದ್ದಿತು.

ಆ ಮನೆ ಮುಟ್ಟಿ ಪರೀಕ್ಷೆ ಮಾಡಿದರೆ, ಹೆರಿಗೆಗೆ ಇನ್ನೂ ಬಹಳ ಹೊತ್ತಿತ್ತು. ಎಲ್ಲವೂ ಸರಿಯಾಗಿತ್ತು, ಚೊಚ್ಚಲಾದ್ದರಿಂದ ನಿಧಾನ, ಅಷ್ಟೆ. ನನ್ನನ್ನು ಕರೆತರಲು ಬೇರೆ ದಾರಿಯಿಂದ ಹೋಗಿದ್ದ ಬಂಡಿ ಮೂಡಲಗಿಯಿಂದ ಬರಿದಾಗಿ ತಿರುಗಿ ಬಂದ ಮೇಲೂ ನಾನು ಎರಡು ತಾಸು ಸುಮ್ಮನೆ ಕೂತಿದ್ದೆ. ಇಳಿಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಮನೆಯವರು ಸಕ್ಕರೆ ಹಂಚಿದರು. ಮಗುವಿಗೆ ಎರೆದು, ಬಾಣಂತಿಯನ್ನು ಮಲಗಿಸಿ ಎದ್ದಾಗ ನನ್ನ ಸೀರೆಯಲ್ಲಿ ರಕ್ತದ ಕಲೆ ಕಂಡಿತು.

ಅದೇ ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಗಾದಿ ಹಾಕಿ ನನ್ನನ್ನು ಮಲಗಿಸಿ ಕಳಿಸಿದರು. ಹಿಂದೆ ಕುದುರೆಯನ್ನು ಕಟ್ಟಿದ್ದರು. ಅತ್ತೆ ಬಾಗಿಲಲ್ಲಿಯೇ ಇದ್ದರು. ನಾನು ಹೇಗೆ ಇಳಿದೆ ಎಂಬುದನ್ನು ನೋಡಿಯೇ ಅವರಿಗೆ ತಿಳಿಯಿತು.

ಐದು ವಾರ ನಾನು ಮಲಗಿದ್ದೆ. ಕಾಲಿನ ಕೆಳಗೆ ಕೌದಿಯ ಸುರುಳಿ ಇಟ್ಟು, ಪಕ್ಕಕ್ಕೆ ಹೊರಳಬೇಕಾದರೂ ಅತ್ತೆಯ ಕೈ ಹಿಡಿದು ಹೊರಳಿದೆ. ಅನ್ನ ಕಲಸಿ ಬಾಯಿಗೆ ಇಟ್ಟರು. ಹೊರಗಡೆಗೆ ಹೋಗದಂತೆ ಎಲ್ಲವನ್ನೂ ತಾವೇ ಮಾಡಿದರು, ಅರವತ್ತು ದಾಟಿದವರು. "ನಾ ಹೇಳಿದ್ನಲ್ಲ" ಎಂಬ ಒಂದು ಮಾತು ಅವರ ಬಾಯಿಂದ ಬರುತ್ತದೆ ಎಂದು ಪ್ರತಿದಿನ ಕಾಯುತ್ತಿದ್ದೆ. ಬಂದಿದ್ದರೆ ನಾನೂ ಏನಾದರೂ ತಿರುಗಿ ಅನ್ನುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಅವರು ಅನ್ನಲೇ ಇಲ್ಲ. ಒಂದು ಮಧ್ಯಾಹ್ನ ನಾನೇ ತಡೆಯಲಾರದೆ, "ಆಯಿ, ಬಂಡಿಗೆ ಕಾಯಬೇಕಾಗಿತ್ತು. ತಪ್ಪ ನಂದು" ಎಂದೆ.

"ಸುಮ್ನ ಮಲ್ಕೊ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವತ್ತ ಹೋಗಬೇಕಾಗಿತ್ತು, ಈ ಸಲ ಕಾಯಬೇಕಾಗಿತ್ತು. ಮೊದಲ ಯಾರಿಗೆ ಗೊತ್ತಾಗತೈತಿ?" ಎಂದರು. ನನ್ನ ಕಾಲು ಒತ್ತುತ್ತಿದ್ದ ಅವರ ಕೈ ನಿಲ್ಲಲಿಲ್ಲ.

ಆಶ್ವೀಜದಲ್ಲಿ ದಿನ ತುಂಬುವ ಮೊದಲೇ ನನಗೆ ಹೆರಿಗೆಯಾಯಿತು. ಹೆಣ್ಣು. ತೂಕ ಬಹಳ ಕಡಿಮೆ, ಮುಷ್ಟಿಯಷ್ಟು ಮುಖ. ಅರಳೆಯಲ್ಲಿ ಸುತ್ತಿ, ಹಾಲನ್ನು ಹಿಂಡಿ ಬತ್ತಿಯಿಂದ ಹನಿಸಿ ಉಳಿಸಿಕೊಂಡೆವು. ಮೂರು ತಿಂಗಳವರೆಗೆ ಬದುಕುತ್ತದೆಯೋ ಇಲ್ಲವೋ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಬದುಕಿದಳು.

ಮುಂದಿನ ವರ್ಷ ಬೇಸಿಗೆಯ ಕೊನೆಗೆ ಒಂದು ದಿನ ದವಾಖಾನೆಯ ಕಟ್ಟೆಯ ಮೇಲೆ ಆ ಕುರುಬ ಕೂತಿದ್ದ. ಹೆಗಲ ಮೇಲೆ ಮಗು. ಅದಕ್ಕೆ ಕಣ್ಣು ಬಂದು ರೆಪ್ಪೆಗಳು ಅಂಟಿಕೊಂಡಿದ್ದವು. ನಾನು ಬಿಸಿನೀರಿನ ಅರಳೆಯಿಂದ ಒರೆಸಿ ಔಷಧ ಹಾಕಿದೆ. ಮಗು ಗಟ್ಟಿಮುಟ್ಟಾಗಿತ್ತು, ಆಡಿನ ಹಾಲಿನ ಮೇಲೆ ಬೆಳೆದದ್ದು. ಕೆಲಸ ಮುಗಿದ ಮೇಲೆ ಅವನು ಬಗಲಿಂದ ಒಂದು ಸಣ್ಣ ಕಂಬಳಿ ತೆಗೆದು ನನ್ನ ಮುಂದೆ ಇಟ್ಟ.

"ಹೆಣ್ಣ ಕೂಸಾತು ಅಂತ ಕೇಳಿದ್ನಿರಿ. ನಮ್ಮವ್ವ ನೂತಾಳ್ರಿ. ಅಂಥಾ ಕೆಸರಾಗ, ಆ ಹೊಟ್ಟಿ ಹೊತಗೊಂಡ ನಡದ ಬಂದ್ರಿ. ನಾವು ಮರಿಯೂದಿಲ್ರಿ."

ಅದನ್ನು ಮುಟ್ಟಲು ನನಗೆ ಆಗಲಿಲ್ಲ. "ನಿಂದ್ರು" ಎಂದೆ. "ನಿನಗೊಂದ ಹೇಳಬೇಕು. ಅವತ್ತ ನಾ ಕುದುರಿ ಹತ್ತಿ ಬಂದಿದ್ರ..."

"ಗೊತ್ತೈತ್ರಿ" ಎಂದ ಅವನು. ದನಿ ಏರಲಿಲ್ಲ. "ಅಂಗಳದಾಗ ನಾನ ನೋಡಿದ್ನಲ್ರಿ. ಓಡಿಕೋತ ಹೋಗುಮುಂದ ದಾರಿತುಂಬ ನಿಮಗ ಬೈದೇನ್ರಿ, ಖರೆ ಹೇಳ್ತೇನಿ." ಮಗುವಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡ. "ಆಮ್ಯಾಲೆ ಬೈಯಲಿಲ್ರಿ. ಆ ವರ್ಷ ಕುರಿ ಹೊಂಟಾಗ ಅಕಿನೂ ಬರತೇನಂದ್ಲು. ನಮ್ಮ ಹೆಣ್ಣಮಕ್ಕಳು ತಟ್ಟಿನ ಮ್ಯಾಲೆ ಹೋಗಾವ್ರ ಅದಾರ್ರಿ. ನಾನ ಬ್ಯಾಡಂದೆ. ಚೊಚ್ಚಲ, ತಟ್ಟಿನ ಮ್ಯಾಲೆ ಏನರ ಆದೀತು ಅಂತ ಅಂಜಿ ಹಟ್ಟ್ಯಾಗ ಇಟಗೊಂಡೆ. ನಮ್ಮಾವ್ರಾಗ ಹಡಸಾಕಿ ನಮ್ಮ ಚಿಗವ್ವರಿ. ಅಕಿ ಕುರಿ ಸಂಗಾಟ ಇದ್ಲು. ನಮ್ಮಾಕಿನೂ ಅಲ್ಲೇ ಇದ್ದಿದ್ರ ಚಿಗವ್ವನ ಕೈಯಾಗ ಇರತಿದ್ಲು."

ಒಳಗಿನಿಂದ ಕಂಪೌಂಡರ ಯಾರದೋ ಸರದಿ ಕೂಗಿದ. ಮಗು ಕಣ್ಣು ಉಜ್ಜಿಕೊಳ್ಳಲು ಕೈ ಎತ್ತಿತು. ಅವನು ಮೆಲ್ಲಗೆ ಆ ಕೈ ಹಿಡಿದು ಕೆಳಗಿಳಿಸಿದ. ಇನ್ನೂ ನಾಲ್ಕು ದಿನ ಔಷಧ ಹಾಕಬೇಕು, ಕೊಳೆ ಕೈ ತಾಗಗೊಡಬಾರದು ಎಂದು ನಾನು ಹೇಳಿದೆ. ಹೇಗೆ ಹಾಕಬೇಕೆಂದು ಎರಡು ಸಲ ತೋರಿಸಿದೆ. ಅವನು ಸಣ್ಣ ಕಂಬಳಿಯನ್ನು ನನ್ನ ಮುಂದೆಯೇ ಬಿಟ್ಟು, ಬಾಟಲಿಯನ್ನು ರುಮಾಲಿನ ತುದಿಗೆ ಕಟ್ಟಿಕೊಂಡು, ಮಗುವನ್ನು ಹೆಗಲಿಗೇರಿಸಿ, ಬಿಸಿಲಿಗೆ ಅದರ ಮುಖ ಬಾರದಂತೆ ತನ್ನ ಕಂಬಳಿ ಅಡ್ಡ ಮಾಡಿ ನಡೆದ.